ಹಿತ್ತಾಳೆ ಬೆಳಗಲು ಯಾವ ಹುಡಿ? ಖಾಲಿ ತೋಟೆ ಹೇಳುವ ಪಾಠ

ಆಟಿ ಮುಗಿದು ಸೋಣ ಹತ್ತಿರ ಬಂತೆಂದರೆ ಕರಾವಳಿಯ ಮನೆಗಳಲ್ಲಿ ಅಟ್ಟದ ಹಿತ್ತಾಳೆ ಕೆಳಗಿಳಿಯುತ್ತದೆ. ಅಷ್ಟಮಿ, ಚೌತಿ, ಆಮೇಲೆ ದೀಪಾವಳಿ. ಮೂರು ತಿಂಗಳ ಮಳೆಯಲ್ಲಿ ಕಪ್ಪಾದ ಕಾಲುದೀಪ, ಹರಿವಾಣ, ಕೊಡಪಾನ ಎಲ್ಲ ಬಾವಿಕಟ್ಟೆಯ ಬಳಿ ಸಾಲಾಗಿ ಕೂರುತ್ತವೆ. ನಮ್ಮ ಮನೆಯಲ್ಲಿ ಒಂದು ಕೊಡಪಾನ ಉಂಟು. ಅದರ ಬಾಯಂಚಿನಲ್ಲಿ ಅಜ್ಜಿಯ ಹೆಸರು ಕೊರೆಸಿದ್ದರು. ನಾನು ಶಾಲೆಗೆ ಹೋಗುವಾಗ ಆ ಹೆಸರನ್ನು ಪೂರ್ತಿ ಓದಲು ಆಗುತ್ತಿತ್ತು. ಈಗ ಎರಡೂವರೆ ಅಕ್ಷರ ಮಾತ್ರ ಉಳಿದಿದೆ. ಅದನ್ನು ಯಾರೂ ಕದ್ದದ್ದಲ್ಲ. ವರ್ಷಕ್ಕೆ ಮೂರು ಸಲ ನಾವೇ ಉಜ್ಜಿ ಉಜ್ಜಿ ತೆಗೆದದ್ದು.

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಈ ಸಲ ಮೊಬೈಲ್ ಹಿಡಿದುಕೊಂಡು ಬಂದ. ಅದರಲ್ಲಿ ಒಂದು ವೀಡಿಯೊ. ಅಮೆರಿಕದ ಯಾರದೋ ಶೆಡ್ಡಿನಲ್ಲಿ ಒಂದು ಸಣ್ಣ ಡ್ರಮ್ ತಿರುಗುತ್ತಿದೆ. ಅದರೊಳಗೆ ಬಂದೂಕಿನ ಖಾಲಿ ಹಿತ್ತಾಳೆ ತೋಟೆಗಳು, ಜೊತೆಗೆ ಎಂತದೋ ಕಂದು ಬಣ್ಣದ ಕಾಳು. ಮೂರು ತಾಸು ಕಳೆದು ತೆಗೆದರೆ ಕಪ್ಪು ಮಸಿ ಹಿಡಿದಿದ್ದ ತೋಟೆಗಳು ಹೊಸ ನಾಣ್ಯದ ಹಾಗೆ ಹೊಳೆಯುತ್ತಿವೆ.

"ಮಾವ, ಅದು ಆಕ್ರೋಟು ಸಿಪ್ಪೆಯ ಹುಡಿಯಂತೆ. ನಮ್ಮಲ್ಲಿ ಗೇರುಬೀಜದ ಸಿಪ್ಪೆ ಬೇಕಾದಷ್ಟು ಉಂಟಲ್ಲ, ಅದನ್ನೇ ಹಾಕಿದರೆ ಎಂತ?"

ಪ್ರಶ್ನೆ ಒಳ್ಳೆಯದೇ. ಉತ್ತರ ಮಾತ್ರ 'ಬೇಡವೇ ಬೇಡ'. ಯಾಕೆ ಬೇಡ ಅಂತ ವಿವರಿಸಲು ಹೊರಟರೆ ಹಿತ್ತಾಳೆ, ಮಳೆ, ಹಟ್ಟಿ, ಬಾವಿ ಎಲ್ಲ ಒಟ್ಟಿಗೆ ಬರುತ್ತವೆ.

ಡ್ರಮ್ಮಿನೊಳಗೆ ನಡೆಯುವುದೇನು?

ಅಮೆರಿಕದಂಥ ದೇಶಗಳಲ್ಲಿ ಗುಂಡು ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೋಶವನ್ನು ಎತ್ತಿಟ್ಟು, ತೊಳೆದು, ಮತ್ತೆ ಮದ್ದು ತುಂಬಿ ಬಳಸುವ ಹವ್ಯಾಸ ಉಂಟು. ಒಂದೇ ಕೋಶ ಹಲವು ಸಲ ಬಳಕೆಗೆ ಬರುತ್ತದೆ. ಅದಕ್ಕೆ ಅಂಟಿದ ಮಸಿ, ಮಣ್ಣು ತೆಗೆಯಲು ಈ ತಿರುಗುವ ಅಥವಾ ನಡುಗುವ ಡಬ್ಬಿ. ಕೋಶದ ಜೊತೆ ಡಬ್ಬಿಗೆ ಹಾಕುವ ಉಜ್ಜುವ ವಸ್ತು ಯಾವುದು ಎಂಬುದರ ಮೇಲೆ ಇಡೀ ಕೆಲಸ ನಿಂತಿದೆ.

ನಮ್ಮಲ್ಲಿ ಈ ಹವ್ಯಾಸಕ್ಕೆ ಜಾಗ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ 'ಮದ್ದುಗುಂಡು' ಎಂಬುದರ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಬರುತ್ತವೆ. ಅದೇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಕಾರ್ಕಳ, ಹೆಬ್ರಿ ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಕೋವಿ ಇರುವವರಿಗೆ ಇದು ಗೊತ್ತು. ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಗೆ ಒಪ್ಪಿಸಿ ರಶೀದಿ ಹಿಡಿದು ಬಂದವರು ಅವರು. ಕಾಲೇಜಿನಲ್ಲಿ ಎನ್‌ಸಿಸಿಗೆ ಹೋದವರಿಗೂ ಗೊತ್ತು. ಗುಂಡು ಹಾರಿಸಿ ಮುಗಿದ ಮೇಲೆ ಖಾಲಿ ತೋಟೆ ಲೆಕ್ಕ ಮಾಡಿ ವಾಪಸ್ ಕೊಡಬೇಕು. ಹಾಗಾಗಿ ಎಲ್ಲಾದರೂ ಖಾಲಿ ತೋಟೆ ಸಿಕ್ಕಿತೆಂದು ಮನೆಗೆ ತಂದು ಪ್ರಯೋಗ ಮಾಡಬೇಡಿ.

ಹಾಗಾದರೆ ಈ ವಿಷಯ ನಮಗೇಕೆ? ತೋಟೆಯ ಕೋಶ ಮಾಡುವ ಲೋಹದಲ್ಲಿ 70 ಪಾಲು ತಾಮ್ರ, 30 ಪಾಲು ಸತು. ನಮ್ಮ ದೀಪ, ಕೊಡಪಾನವೂ ಪಾಲು ಆಚೀಚೆ ಆದರೂ ಅದೇ ತಾಮ್ರ, ಸತುವಿನ ಬೆರಕೆ. ವ್ಯತ್ಯಾಸ ಇಷ್ಟೇ. ದೀಪ ಒಂದು ಕೂದಲಿನಷ್ಟು ಸವೆದರೆ ಯಾರಿಗೂ ಗೊತ್ತಾಗುವುದಿಲ್ಲ. ತೋಟೆ ಸವೆದರೆ, ಬಿರುಕು ಬಿಟ್ಟರೆ ಅದು ಬಂದೂಕು ಹಿಡಿದವನ ಮುಖದ ಎದುರಿಗೇ ಸಿಡಿಯಬಹುದು. ಹಾಗಾಗಿ ಯಾವುದರಿಂದ ಉಜ್ಜಿದರೆ ಹಿತ್ತಾಳೆಗೆ ಏನಾಗುತ್ತದೆ ಎಂದು ತೋಟೆಯವರು ತಲೆಕೆಡಿಸಿಕೊಂಡರು. ನಾವು ಹೊಳಪು ಮಾತ್ರ ನೋಡಿದೆವು.

ಮುಂಗಾರು ಕಲಿಸಿದ ಪಾಠ

ಹಿತ್ತಾಳೆಯ ಮೇಲೆ ರಾಸಾಯನಿಕದ ಪರಿಣಾಮ ಏನೆಂದು ಜಗತ್ತಿಗೆ ಗೊತ್ತಾದ ಒಂದು ದೊಡ್ಡ ಕಥೆ ನಡೆದದ್ದು ಭಾರತದಲ್ಲಿ, ಅದೂ ಮಳೆಗಾಲದಲ್ಲಿ. ಬ್ರಿಟಿಷ್ ಸೇನೆ ಮಳೆ ನಿಲ್ಲುವ ತನಕ ತೋಟೆಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಕೋಶಗಳಲ್ಲಿ ಬಿರುಕು. ಯಾರೂ ಮುಟ್ಟಿರಲಿಲ್ಲ, ಏನೂ ಬಿದ್ದಿರಲಿಲ್ಲ. ಋತು ಬದಲಾದಾಗ ಬರುವ ರೋಗವೆಂಬ ಹಾಗೆ ಇಂಗ್ಲಿಷಿನಲ್ಲಿ ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರೇ ಬಿತ್ತು.

ಕಾರಣ ತಿಳಿದದ್ದು 1921ರಲ್ಲಿ, ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಸಂಶೋಧಕರಿಂದ. ಕುದುರೆಯ ಮೂತ್ರದಿಂದ ಹೊರಡುವ ಅಮೋನಿಯಾ, ಗಾಳಿಯ ತೇವ, ತೋಟೆ ತಯಾರಿಸುವಾಗ ಲೋಹವನ್ನು ಎಳೆದು ಬಡಿದದ್ದರಿಂದ ಒಳಗೆ ಉಳಿದ ಬಿಗಿತ, ಈ ಮೂರೂ ಸೇರಿದರೆ ಹಿತ್ತಾಳೆ ಒಡೆಯುತ್ತದೆ. ತೋಟೆಯನ್ನು ಹದವಾಗಿ ಕಾಯಿಸಿ ಒಳಗಿನ ಬಿಗಿತ ಇಳಿಸುವುದು, ಅಮೋನಿಯಾದಿಂದ ದೂರ ಇಡುವುದು ಪರಿಹಾರ.

ಈಗ ನಮ್ಮ ಊರಿನ ಹಳೆಯ ಮನೆಯನ್ನು ನೆನೆಸಿಕೊಳ್ಳಿ. ವರ್ಷಕ್ಕೆ 4000 ಮಿಲಿಮೀಟರ್ ಆಚೀಚೆ ಮಳೆ. ಅಡುಗೆಕೋಣೆಯ ಹಿಂದೆಯೇ ಹಟ್ಟಿ. ಬಳಸದ ಹಿತ್ತಾಳೆ ಪಾತ್ರೆಗಳೆಲ್ಲ ಹಟ್ಟಿಯ ಅಟ್ಟದಲ್ಲಿ. ಗಂಜಳದಿಂದಲೂ ಬರುವುದು ಅದೇ ಅಮೋನಿಯಾ. ತಗಡು ಬಡಿದು ಮಾಡಿದ ತೆಳು ಹಿತ್ತಾಳೆಯ ಕೊಡ, ಚೆಂಬುಗಳ ಕುತ್ತಿಗೆಯಲ್ಲಿ ಸೀಳು ಕಂಡರೆ 'ಯಾರೋ ಬೀಳಿಸಿರಬೇಕು' ಎಂದು ಮಕ್ಕಳನ್ನು ಬೈಯುವ ಮೊದಲು ಅದನ್ನು ಇಟ್ಟ ಜಾಗ ನೋಡುವುದು ಒಳ್ಳೆಯದು.

ತೋಟೆ ತೊಳೆಯುವವರು ಇದರಿಂದ ಒಂದು ಕಟ್ಟುನಿಟ್ಟಿನ ನಿಯಮ ಮಾಡಿಕೊಂಡಿದ್ದಾರೆ. ಅಮೋನಿಯಾ ಇರುವ ಪಾಲಿಶ್ ದ್ರವ ಡ್ರಮ್ಮಿಗೆ ಹಾಕಬಾರದು. ಬ್ಯಾಡ್ಜು, ಬಕಲ್ಲು ಹೊಳೆಯಿಸುವ ದ್ರವಗಳಲ್ಲಿ ಕೆಲವಕ್ಕೆ ಮೂಗು ಸುಡುವ ವಾಸನೆ ಇರುತ್ತದಲ್ಲ, ಅದು ಅಮೋನಿಯಾದ್ದು. ಬಾಟಲಿಯ ಹಿಂಬದಿ ಓದಿ. ಗಟ್ಟಿ ಎರಕದ ದೀಪಕ್ಕೆ ಅದರಿಂದ ತಕ್ಷಣ ಏನೂ ಆಗದು. ತೆಳು ತಗಡಿನ ಪಾತ್ರೆಗೆ ಬೇಡ.

ಯಾವ ಹುಡಿ, ಯಾಕೆ?

ಉಜ್ಜುವ ವಸ್ತುವನ್ನು ಆರಿಸುವಾಗ ಕೇಳಬೇಕಾದ್ದು ಮೂರು ಪ್ರಶ್ನೆ. ಅದು ಹಿತ್ತಾಳೆಗಿಂತ ಗಟ್ಟಿಯೋ? ಅದರೊಳಗೆ ಬೇರೆ ಎಂತಾದರೂ ಉಂಟೋ? ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ?

ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಹಿತ್ತಾಳೆ ಸುಮಾರು 3. ಮರಳಿನ ಮುಖ್ಯ ಭಾಗವಾದ ಬೆಣಚು 7. ಅಂದರೆ ಮರಳು ಹಾಕಿ ಉಜ್ಜಿದರೆ ಕೊಳೆಯೂ ಹೋಗುತ್ತದೆ, ಹಿತ್ತಾಳೆಯೂ ಹೋಗುತ್ತದೆ. ಇಟ್ಟಿಗೆ ಹುಡಿ, ಹಂಚಿನ ಹುಡಿಯದ್ದೂ ಇದೇ ಕಥೆ. ಸುಟ್ಟ ಮಣ್ಣಿನೊಳಗೆ ಬೆಣಚಿನ ಕಣ ಇದ್ದೇ ಇರುತ್ತದೆ. ನಮ್ಮ ಅಜ್ಜಿಯ ಹೆಸರು ಹೋದದ್ದು ಹೀಗೆಯೇ.

ತೋಟೆಯವರು ಒಣ ಪದ್ಧತಿಯಲ್ಲಿ ಹೆಚ್ಚಾಗಿ ಬಳಸುವುದು ಎರಡು ವಸ್ತು. ಒಂದು ಆಕ್ರೋಟು ಸಿಪ್ಪೆಯ ಹುಡಿ. ಅದರ ಅಂಚು ಚೂಪು, ಗಟ್ಟಿ ಮಸಿಯನ್ನು ಬೇಗ ಕೆರೆಯುತ್ತದೆ. ಇನ್ನೊಂದು ಮೆಕ್ಕೆಜೋಳದ ದಿಂಡಿನ ಹುಡಿ. ಇದು ಮೃದು, ಜಿಡ್ಡು ಹೀರುತ್ತದೆ, ಹೊಳಪು ಹೆಚ್ಚು ಕೊಡುತ್ತದೆ, ಆದರೆ ನಿಧಾನ. ತುಂಬಾ ಕೊಳೆಯಾದದ್ದಕ್ಕೆ ಮೊದಲು ಆಕ್ರೋಟು, ಆಮೇಲೆ ಜೋಳ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಬಿಡಿಸಿದ ಮೇಲೆ ರಾಶಿ ಬೀಳುವ ದಿಂಡು ಇದೇ.

ಕಾಳಿನ ಗಾತ್ರವೂ ಮುಖ್ಯ. ಬಂದೂಕಿನ ಕೋಶದ ತಳದಲ್ಲಿ ಕಿಡಿ ಹಾಯಲು ಸುಮಾರು 2 ಮಿಲಿಮೀಟರಿನ ತೂತು ಇರುತ್ತದೆ. ಕಾಳು ಅದಕ್ಕಿಂತ ತುಂಬಾ ಸಣ್ಣದಿರಬೇಕು. ತೂತಿನ ಅಳತೆಗೇ ಹತ್ತಿರ ಇದ್ದರೆ ಸಿಕ್ಕಿಹಾಕಿಕೊಂಡು ಸೂಜಿಯಿಂದ ಒಂದೊಂದಾಗಿ ಕುತ್ತಿ ತೆಗೆಯಬೇಕು. ತೂಗುದೀಪದ ಸರಪಳಿ, ಗಂಟೆಯ ಕೊಂಡಿ ಬಿಡಿಸಿ ತೊಳೆದವರಿಗೆ ಈ ಕಷ್ಟ ಹೊಸದಲ್ಲ.

ಈಗ ಅಕ್ಕನ ಮಗನ ಪ್ರಶ್ನೆಗೆ ಬರುವ, ನಮ್ಮೂರಿನ ಸಿಪ್ಪೆಗಳು.

ಗೇರುಬೀಜದ ಸಿಪ್ಪೆ ಬೇಡ. ಅದರ ಜೇನುಗೂಡಿನ ಹಾಗಿರುವ ಒಳಪದರದಲ್ಲಿ ಕಪ್ಪು ಎಣ್ಣೆ ಇರುತ್ತದೆ. ಕೈಗೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಕಾರ್ಕಳ, ಕುಂದಾಪುರದ ಕಾರ್ಖಾನೆಗಳಲ್ಲಿ ಬೀಜ ಸುಲಿದ ಹೆಂಗಸರ ಕೈ ನೋಡಿದವರಿಗೆ ಹೇಳಬೇಕಾಗಿಲ್ಲ. ಮರದ ದೋಣಿಗೆ ಹುಳ ಹಿಡಿಯದಂತೆ ಬಳಿಯುವ ಎಣ್ಣೆ ಅದು. ಅಂಥ ಸಿಪ್ಪೆಯನ್ನು ಡ್ರಮ್ಮಿಗೆ ಹಾಕಿದರೆ ಹಿತ್ತಾಳೆಗೆ ಹೊಳಪಿನ ಬದಲು ಅಂಟು ಹಿಡಿಯುತ್ತದೆ. ಆಮೇಲೆ ಅದನ್ನು ಮುಟ್ಟಿದವರಿಗೆ ತುರಿಕೆ.

ಭತ್ತದ ಉಮಿ ನೋಡಲು ಮೃದು. ಆದರೆ ಸುಟ್ಟರೆ ತೂಕದ ಐದನೇ ಒಂದು ಪಾಲಿನ ಹತ್ತಿರ ಬೂದಿ ಉಳಿಯುತ್ತದೆ, ಆ ಬೂದಿಯ ಬಹುಪಾಲು ಸಿಲಿಕಾ. ತೊಳೆದ ಪಾತ್ರೆಯ ನೀರು ಹೀರಲು ಉಮಿಯ ರಾಶಿಯಲ್ಲಿ ಇಡಬಹುದು. ಒತ್ತಿ ಉಜ್ಜಲು ಬೇಡ. ಕಾರ್ಕಳದ ರೈಸ್‌ಮಿಲ್ಲುಗಳಿಂದ ಬರುವ ಉಮಿ ಬೂದಿ ಇನ್ನೂ ಕೆಟ್ಟದ್ದು. ಪಾತ್ರೆಗೆ ಗೀರು ಬೀಳುವುದು ಹಾಗಿರಲಿ, ಆ ಸಣ್ಣ ಹುಡಿ ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶಕ್ಕೇ ತೊಂದರೆ. ಒಲೆಯ ಕಟ್ಟಿಗೆ ಬೂದಿಯೂ ರೈಸ್‌ಮಿಲ್ಲಿನ ಬೂದಿಯೂ ಒಂದೇ ಎಂದು ತಿಳಿಯಬೇಡಿ.

ತೆಂಗಿನ ಗೆರಟೆಯ ಹುಡಿ ಮಾತ್ರ ನಿಜವಾಗಿ ಆಕ್ರೋಟು ಸಿಪ್ಪೆಯ ಹತ್ತಿರದ ನೆಂಟ. ಗಟ್ಟಿ, ಚೂಪಂಚು, ಒಳಗೆ ವಿಷದ ಎಣ್ಣೆ ಇಲ್ಲ. ಗೆರಟೆಗೆ ಅಂಟಿದ ಕಾಯಿಚೂರು, ನಾರು ಕೆರೆದು ತೆಗೆದು, ಹುಡಿ ಮಾಡಿ ಸೋಸಿದರೆ ಒಣ ಪದ್ಧತಿಗೆ ಆದೀತು. ಮೊದಲು ಪಾತ್ರೆಯ ತಳದಲ್ಲಿ ಒಂದು ಇಂಚು ಪ್ರಯೋಗಿಸಿ ನೋಡುವುದು ಉತ್ತಮ. ಮನೆಯ ನಾಲ್ಕು ದೀಪಕ್ಕೆ ಇಷ್ಟೆಲ್ಲ ಯಾಕೆ ಅಂದರೆ, ತೆಂಗಿನ ನಾರೇ ಸಾಕು.

ನೀರಿನ ಪದ್ಧತಿ ಮತ್ತು ಬಾವಿ

ಈಚೆಗೆ ತೋಟೆಯವರಲ್ಲಿ ಹಲವರು ಒಣ ಹುಡಿ ಬಿಟ್ಟು ನೀರಿಗೆ ಬಂದಿದ್ದಾರೆ. ಡ್ರಮ್ಮಿಗೆ ನೀರು, ಸ್ವಲ್ಪ ಸಾಬೂನು, ಚಿಟಿಕೆ ಸಿಟ್ರಿಕ್ ಆಮ್ಲ, ಜೊತೆಗೆ ಸುಮಾರು 1.2 ಮಿಲಿಮೀಟರ್ ದಪ್ಪ, 6.5 ಮಿಲಿಮೀಟರ್ ಉದ್ದದ ಸ್ಟೀಲ್ ಕಡ್ಡಿಗಳು. ಸ್ಟೀಲ್ ಹಿತ್ತಾಳೆಗಿಂತ ಗಟ್ಟಿ, ನಿಜ. ಆದರೆ ಕಡ್ಡಿ ನುಣುಪು, ಮರಳಿನ ಹಾಗೆ ಕೆರೆಯುವುದಿಲ್ಲ. ಮೂಲೆ ಮೂಲೆಗೂ ನುಗ್ಗುತ್ತದೆ. ಹೊತ್ತು ಮೀರಿ ತಿರುಗಿಸಿದರೆ ಕೋಶಗಳು ಒಂದಕ್ಕೊಂದು ಬಡಿದು ಬಾಯಂಚು ಚಪ್ಪಟೆಯಾಗುತ್ತದೆ.

ಈ ಬದಲಾವಣೆಗೆ ಹೊಳಪಿಗಿಂತ ದೊಡ್ಡ ಕಾರಣ ಸೀಸ. ತೋಟೆಯ ತಳದಲ್ಲಿ ಕಿಡಿ ಹೊತ್ತಿಸುವ ಮದ್ದಿನಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತ ಇರುತ್ತದೆ. ಹಾರಿಸಿದ ಮೇಲೆ ಅದರ ಶೇಷ ಕೋಶದಲ್ಲಿ ಉಳಿಯುತ್ತದೆ. ಒಣ ಹುಡಿಯಲ್ಲಿ ತಿರುಗಿಸಿ ಜಾಲರಿಯಲ್ಲಿ ಸೋಸುವಾಗ ಏಳುವ ದೂಳಿನಲ್ಲಿ ಆ ಸೀಸ ಸೇರಿರುತ್ತದೆ. ಮನೆಯೊಳಗೆ ಮಾಡಿದರೆ ನೆಲದ ಮೇಲೆ, ಮಕ್ಕಳ ಕೈಯಲ್ಲಿ, ಬಾಯಿಯಲ್ಲಿ. ಮಕ್ಕಳ ಮಿದುಳಿಗೆ ಸೀಸ ಎಷ್ಟು ಕೆಟ್ಟದ್ದೆಂದು ಈಗ ಎಲ್ಲರಿಗೂ ಗೊತ್ತು. ನೀರಿನಲ್ಲಿ ತೊಳೆದರೆ ದೂಳು ಏಳುವುದಿಲ್ಲ. ಸೀಸ ನೀರಿನಲ್ಲಿ ಉಳಿಯುತ್ತದೆ.

ಹಾಗಾದರೆ ಆ ನೀರು ಎಲ್ಲಿಗೆ? ಉಡುಪಿ ಜಿಲ್ಲೆಯ ಮಟ್ಟಿಗೆ ಮುಖ್ಯ ಪ್ರಶ್ನೆ ಇದು. ನಮ್ಮದು ಮನೆಗೊಂದು ತೆರೆದ ಬಾವಿಯ ಊರು. ಮುರಕಲ್ಲಿನ ನೆಲ ತೂತು ತೂತು. ಮೇಲೆ ಚೆಲ್ಲಿದ್ದು ಬೇಗ ಕೆಳಗಿಳಿಯುತ್ತದೆ. ಬಾವಿಕಟ್ಟೆಯಲ್ಲೇ ಪಾತ್ರೆ ಉಜ್ಜಿ ಅಲ್ಲೇ ಚೆಲ್ಲುವುದು ಹುಣಸೆ, ಬೂದಿಯ ಕಾಲಕ್ಕೆ ಸರಿ ಇತ್ತು. ಪಾಲಿಶ್ ದ್ರವ, ಆಮ್ಲ, ಲೋಹದ ಹುಡಿಯ ಕಾಲಕ್ಕೆ ಸರಿಯಲ್ಲ. ಗುಜರಿ ಹಿತ್ತಾಳೆಯನ್ನು ತೊಳೆದು ಮಾರುವವರು, ಪಾಲಿಶ್ ಅಂಗಡಿಯವರು ಇದನ್ನು ಮನಸ್ಸಿಗೆ ಹಾಕಿಕೊಳ್ಳಲೇಬೇಕು. ಅವರ ರಾಶಿಯಲ್ಲಿ ಎಲ್ಲಿನ ಹಿತ್ತಾಳೆ ಬಂದಿದೆಯೆಂದು ಯಾರಿಗೆ ಗೊತ್ತು?

ಹುಣಸೆ, ಬಿಂಬುಳಿ, ಬೂದಿ: ಅಜ್ಜಿಯ ರಸಾಯನಶಾಸ್ತ್ರ

ಡ್ರಮ್ಮಿಗೆ ಹಾಕುವ ಸಿಟ್ರಿಕ್ ಆಮ್ಲ ಬೇರೇನಲ್ಲ, ಲಿಂಬೆಯ ಹುಳಿ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಹಿತ್ತಿಲ ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ. ಮೂರೂ ಮಾಡುವುದು ಒಂದೇ ಕೆಲಸ, ತಾಮ್ರಕ್ಕೆ ಹಿಡಿದ ಕಪ್ಪು ಪದರವನ್ನು ಕರಗಿಸುವುದು. ಇಲ್ಲಿ ಉಜ್ಜುವ ಬಲ ಬೇಕಾಗಿಲ್ಲ, ಹುಳಿಯೇ ಕೆಲಸ ಮಾಡುತ್ತದೆ. ಆದ್ದರಿಂದಲೇ ಅದು ಮರಳಿಗಿಂತ ಮೇಲು.

ಆದರೆ ಹೊತ್ತು ಮೀರಬಾರದು. ಹುಳಿ ಹಚ್ಚಿ ಮರೆತು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಹಿತ್ತಾಳೆ ಅಲ್ಲಲ್ಲಿ ಗುಲಾಬಿ ಕೆಂಪಾಗಿರುತ್ತದೆ. 'ಒಳ್ಳೆ ಬೆಳಗಿತು' ಅಂದುಕೊಳ್ಳುತ್ತೇವೆ. ನಿಜಕ್ಕೂ ಮೇಲ್ಪದರದ ಸತು ಕರಗಿ ಹೋಗಿ ತಾಮ್ರ ಉಳಿದಿದೆ. ತೋಟೆ ತೊಳೆಯುವವರು ಈ ಕೆಂಪು ಕಂಡರೆ ಆಮ್ಲ ಹೆಚ್ಚಾಯಿತೆಂದು ತಿಳಿಯುತ್ತಾರೆ. ನಮಗೂ ಅದೇ ಎಚ್ಚರಿಕೆ. ಐದು ಹತ್ತು ನಿಮಿಷ ಧಾರಾಳ ಸಾಕು.

ಬೂದಿಯ ಕೆಲಸ ಬೇರೆ. ಅದು ಕ್ಷಾರ, ಎಣ್ಣೆ ಜಿಡ್ಡನ್ನು ಸಾಬೂನಿನ ಹಾಗೆ ಬಿಡಿಸುತ್ತದೆ. ದೀಪದ ಬತ್ತಿ ಕೂರುವಲ್ಲಿ ಹಸಿರು ಅಂಟು ಇರುತ್ತದಲ್ಲ, ಅದು ಹಳೆಯ ಎಣ್ಣೆಯೂ ತಾಮ್ರವೂ ಸೇರಿ ಆದದ್ದು. ಅದಕ್ಕೆ ಮೊದಲು ಬೂದಿ ಅಥವಾ ಬಿಸಿನೀರು, ಸಾಬೂನು. ಚೆನ್ನಾಗಿ ತೊಳೆದ ಮೇಲೆ ಹುಳಿ. ಎರಡನ್ನೂ ಕಲಸಿ ಒಟ್ಟಿಗೆ ಹಚ್ಚುವ ಅಭ್ಯಾಸ ಹಲವರಿಗೆ ಉಂಟು. ಕ್ಷಾರವೂ ಆಮ್ಲವೂ ಒಂದನ್ನೊಂದು ಕೊಂದು ಉಳಿಯುವುದು ಬರೀ ಗೀರುವ ಹುಡಿ. ಬೂದಿಯನ್ನು ಬಟ್ಟೆಯಲ್ಲಿ ಸೋಸಿ ಬಳಸಿ, ಒಲೆಯ ಮಣ್ಣು, ಕಲ್ಲು ಬರದಂತೆ. ಸೂಕ್ಷ್ಮ ಕೆತ್ತನೆ ಇರುವ ಮೂರ್ತಿಗೆ ಚಿನ್ನದ ಕೆಲಸದವರು ಬಳಸುವ ಅಂಟುವಾಳದ ನೊರೆ, ಮೆತ್ತಗಿನ ಬ್ರಷ್ಷು ಸಾಕು.

ಕೊನೆಯದಾಗಿ ಒಣಗಿಸುವುದು. ತೊಳೆದದ್ದರ ಅರ್ಧ ಫಲ ಇಲ್ಲಿ ಹಾಳಾಗುತ್ತದೆ. ಕಾಪು, ಮಲ್ಪೆಯಂಥ ಕಡಲ ಬದಿಯ ಮನೆಗಳಲ್ಲಿ ಗಾಳಿಯೇ ಉಪ್ಪು. ಒದ್ದೆ ಹಿತ್ತಾಳೆಯ ಮೇಲೆ ಉಪ್ಪು ಕೂತರೆ ಹಸಿರು ಚುಕ್ಕೆ ಏಳುತ್ತದೆ. ಒಳನಾಡಿನ ಕಾರ್ಕಳದಲ್ಲಿ ಉಪ್ಪು ಕಡಿಮೆ, ತೇವ ಹೆಚ್ಚು. ಎರಡೂ ಕಡೆ ಮದ್ದು ಒಂದೇ. ಒಳ್ಳೆಯ ನೀರಿನಲ್ಲಿ ಜಾಲಾಡಿ, ಬಟ್ಟೆಯಲ್ಲಿ ಒರಸಿ, ಬಿಸಿಲಿಗೆ ಅಥವಾ ಒಲೆಯ ಬಿಸಿಗೆ ಇಡಿ.

ಎಲ್ಲ ಹಳದಿಯೂ ಹಿತ್ತಾಳೆಯಲ್ಲ

ಕಾರ್ಕಳದ ಬೈಲೂರಿನ ಉಮಿಕ್ಕಳ ಬೆಟ್ಟದ ಪರಶುರಾಮ ಪ್ರತಿಮೆ ಕಂಚಿನದ್ದೋ ಅಲ್ಲವೋ ಎಂಬ ಜಗಳ 2023ರಿಂದ ಕೇಳಿ ಕೇಳಿ ನಮ್ಮ ಜಿಲ್ಲೆಯವರಿಗೆ ಲೋಹದ ಹೆಸರುಗಳು ಬಾಯಿಪಾಠ ಆಗಿವೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಕಂಚಿನ ಬಟ್ಟಲು ಗಟ್ಟಿ, ಆದರೆ ಬಿದ್ದರೆ ಒಡೆಯುತ್ತದೆ. ಅದನ್ನು ಡ್ರಮ್ಮಿನಲ್ಲಿ ಉರುಳಿಸುವ ಮಾತೇ ಇಲ್ಲ. ಅಡುಗೆ ಪಾತ್ರೆಯ ಒಳಗಿನ ಕಲಾಯಿ ತೆಳು ತವರದ ಪದರ. ಅಲ್ಲಿಗೆ ನಾರು, ನೀರು ಬಿಟ್ಟು ಯಾವ ಹುಡಿಯೂ ಬೇಡ. ಅಂಗಡಿಯಿಂದ ತಂದ ಹೊಸ ಶೋಪೀಸಿಗೆ ಹೆಚ್ಚಾಗಿ ವಾರ್ನಿಶ್ ಬಳಿದಿರುತ್ತಾರೆ. ಹುಳಿ ಹಚ್ಚಿದರೆ ಚಿಬ್ಬು ಚಿಬ್ಬಾಗುತ್ತದೆ. ಅನುಮಾನ ಇದ್ದರೆ ಮೊದಲು ಒಂದು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಹಿತ್ತಾಳೆಯ ಲೇಪ ಇರುವ ಕಬ್ಬಿಣ, ಉಜ್ಜಿದರೆ ಲೇಪ ಹೋಗಿ ತುಕ್ಕು ಹೊರಬರುತ್ತದೆ. ಹನ್ನೆರಡು ಬೋರಿನ ಕೋವಿಯ ಪ್ಲಾಸ್ಟಿಕ್ ತೋಟೆಯ ಹಳದಿ ತಳ ಕೂಡ ಎಷ್ಟೋ ಸಲ ಇಂಥದ್ದೇ.

ಮನೆಯದ್ದು ಹೇಗೂ ನಮ್ಮ ಕೈಯಲ್ಲಿದೆ. ನನಗೆ ಹೆಚ್ಚು ಹೆದರಿಕೆ ಸಾರ್ವಜನಿಕ ಹಿತ್ತಾಳೆಯದ್ದು. ಬ್ರಹ್ಮಕಲಶ ಅಂದಕೂಡಲೇ ದೇವಸ್ಥಾನದ ಹಳೆಯ ದೀಪ, ಗಂಟೆ, ಪ್ರಭಾವಳಿ, ನೇಮಕ್ಕೆ ಮುಂಚೆ ಭಂಡಾರದ ದೈವದ ಮೊಗ, ಎಲ್ಲ ಪಾಲಿಶ್ ಯಂತ್ರದ ಚಕ್ರಕ್ಕೆ ಹೋಗುತ್ತವೆ. ಹೊಸದರ ಹಾಗೆ ಹೊಳೆದು ವಾಪಸ್ ಬರುತ್ತವೆ. ಆ ಚಕ್ರ ಒಂದು ನಿಮಿಷದಲ್ಲಿ ತೆಗೆಯುವಷ್ಟು ಲೋಹವನ್ನು ಹುಣಸೆ ಹುಳಿ ಎಷ್ಟೋ ವರ್ಷದಲ್ಲೂ ತೆಗೆಯುವುದಿಲ್ಲ. ದೀಪದ ಬುಡದಲ್ಲಿ ಕೊಟ್ಟವರ ಹೆಸರು, ಊರು, ವರ್ಷ ಕೊರೆದಿರುತ್ತದೆ. ಊರಿನ ಇತಿಹಾಸಕ್ಕೆ ಎಷ್ಟೋ ಸಲ ಅದೊಂದೇ ದಾಖಲೆ. ಮೊಗದ ಹುಬ್ಬು, ಹಲ್ಲಿನ ಗೆರೆ ಎರಕದವನ ಕೈಗುರುತು. ಎರಡೂ ಮೊದಲು ಸವೆಯುವ ಜಾಗಗಳೇ. ಯಂತ್ರಕ್ಕೆ ಕೊಡುವ ಮೊದಲು ಆಡಳಿತ ಮಂಡಳಿಯವರು ಅಕ್ಷರ ಇರುವ ಜಾಗದ ಫೋಟೊ ತೆಗೆದು, ಓದಿ ಬರೆದಿಟ್ಟುಕೊಂಡು, 'ಇಲ್ಲಿ ಚಕ್ರ ಮುಟ್ಟಿಸಬಾರದು' ಎಂದು ಹೇಳಿದರೂ ಸಾಕು. ಅದಕ್ಕೆ ಹತ್ತು ನಿಮಿಷ ಬೇಕು, ಖರ್ಚಿಲ್ಲ.

ಅಕ್ಕನ ಮಗ ಇಷ್ಟೆಲ್ಲ ಕೇಳಿ, "ಹಾಗಾದರೆ ಯಂತ್ರ ಬೇಡವಾ ಮಾವ?" ಅಂದ. ಒಂದೇ ಅಳತೆಯ ಸಾವಿರ ತುಂಡು ಇದ್ದವರಿಗೆ ಯಂತ್ರ. ನಮ್ಮಲ್ಲಿರುವುದು ನಾಲ್ಕು ದೀಪ, ಒಂದು ಕೊಡಪಾನ. ಅವನು ಬಿಂಬುಳಿ ಕೊಯ್ದು ತಂದ. ಕೊಡಪಾನದ ಬಾಯಂಚನ್ನು ಬಿಟ್ಟು ಉಳಿದದ್ದನ್ನು ಬೆಳಗಿದೆವು. ಅಂಚು ಈಗ ಸ್ವಲ್ಪ ಕಪ್ಪಾಗಿದೆ. ಎರಡೂವರೆ ಅಕ್ಷರ ಅಲ್ಲೇ ಉಂಟು.